ಕ್ಷಮಿಸುವುದೆಂದರೆ ಬಿಡುವುದು



ಪರಲೋಕ ಮಂತ್ರವನ್ನು ಜಪಿಸುವಾಗಲೆಲ್ಲ ನಾವು ದೇವರ ಮುಂದೆ ಒಂದು ಕರಾರಿಗೆ ಒಪ್ಪಿಗೆ ಕೊಡುತ್ತೇವೆ. ನಮ್ಮ ಪಾಪಗಳಿಗೆ ಕ್ಷಮೆ ಬೇಡುವ ಬಾಯಿಂದಲೇ, ನಮಗೆ ತಪ್ಪು ಮಾಡಿದವರನ್ನು ಕ್ಷಮಿಸುವ ಮಾತನ್ನೂ ಆಡುತ್ತೇವೆ. ಬಲಿಪೂಜೆಯಲ್ಲಿ, ಜಪಮಾಲೆಯಲ್ಲಿ, ಊಟದ ಮುಂಚಿನ ಜಪದಲ್ಲಿ ಈ ಮಾತು ನಾಲಿಗೆಯ ಮೇಲೆ ಸಲೀಸಾಗಿ ಹರಿಯುತ್ತದೆ. ಬಾಳಿನಲ್ಲಿ ಮಾತ್ರ ಇದರಷ್ಟು ಕಠಿಣವಾದುದು ಇನ್ನೊಂದಿಲ್ಲ. ಕ್ಷಮಿಸುವುದೆಂದರೆ ಏನು? ಮರೆಯುವುದೇ? ಬಾಯಿಮುಚ್ಚಿ ಸಹಿಸುವುದೇ? ನಡೆದದ್ದು ತಪ್ಪೇ ಅಲ್ಲವೆಂದು ಒಪ್ಪಿಕೊಳ್ಳುವುದೇ? ಈ ಪ್ರಶ್ನೆಗಳಿಗೆ ಉತ್ತರ ಹುಡುಕುವ ಮುನ್ನ, ಶುಭಸಂದೇಶದ ಮೂಲ ಭಾಷೆಯಲ್ಲಿ ಆ ಸ್ಥಳದಲ್ಲಿರುವ ಒಂದು ಕ್ರಿಯಾಪದವನ್ನು ನಾವು ಗಮನವಿಟ್ಟು ನೋಡೋಣ.

ಹೊಸ ಒಡಂಬಡಿಕೆಯನ್ನು ಬರೆದದ್ದು ಗ್ರೀಕ್ ಭಾಷೆಯಲ್ಲಿ. ಅದೂ ಸಂತೆಯಲ್ಲಿ, ಬಂದರಿನಲ್ಲಿ, ಮನೆಯ ಕಾಗದಪತ್ರಗಳಲ್ಲಿ ಬಳಕೆಯಲ್ಲಿದ್ದ ಸಾಮಾನ್ಯ ಗ್ರೀಕಿನಲ್ಲಿ. ಅಲ್ಲಿ ನಾವು ‘ಕ್ಷಮಿಸು’ ಎಂದು ಓದುವ ಕಡೆಗಳಲ್ಲಿ ಬಹುಮಟ್ಟಿಗೆ ಇರುವ ಪದ ‘ಅಫಿಯೇಮಿ’. ‘ಅಪೊ’ ಎಂದರೆ ‘ಅತ್ತ, ದೂರಕ್ಕೆ’. ‘ಹಿಯೇಮಿ’ ಎಂದರೆ ‘ಕಳುಹಿಸು’. ಎರಡೂ ಕೂಡಿದಾಗ ‘ಕಳುಹಿಸಿಬಿಡು, ಹೋಗಗೊಡು, ಬಿಡು’ ಎಂಬ ಅರ್ಥ ಹುಟ್ಟುತ್ತದೆ. ಹೊಸ ಒಡಂಬಡಿಕೆಯಲ್ಲಿ ಈ ಕ್ರಿಯಾಪದ ಸುಮಾರು 140 ಬಾರಿ ಬರುತ್ತದೆ. ಅವುಗಳಲ್ಲಿ ಪಾಪಕ್ಷಮೆಗೆ ಸಂಬಂಧಿಸಿದವು ಒಂದು ಭಾಗ ಮಾತ್ರ. ಉಳಿದವೆಲ್ಲ ದಿನನಿತ್ಯದ ಬಳಕೆಗಳು.

ಆ ಬಳಕೆಗಳನ್ನು ನೋಡಿದರೆ ಕನ್ನಡಿಗರಾದ ನಮಗೆ ಸೋಜಿಗವಾಗುತ್ತದೆ. ಗಲಿಲೇಯ ಸರೋವರದ ದಡದಲ್ಲಿ ಪೇತ್ರ ಮತ್ತು ಅಂದ್ರೆಯ ಬಲೆಗಳನ್ನು ಬಿಟ್ಟು ಯೇಸುವನ್ನು ಹಿಂಬಾಲಿಸಿದರು. ಅಲ್ಲಿರುವುದು ಇದೇ ಪದ. ಪೇತ್ರನ ಅತ್ತೆಯ ಕೈಹಿಡಿದು ಯೇಸು ಎಬ್ಬಿಸಿದಾಗ ಜ್ವರ ಆಕೆಯನ್ನು ಬಿಟ್ಟಿತು, ಅಲ್ಲಿಯೂ ಇದೇ. ಮಕ್ಕಳು ತಮ್ಮ ಬಳಿಗೆ ಬರಲು ಬಿಡಿರೆಂದು ಪ್ರಭು ಶಿಷ್ಯರನ್ನು ಗದರಿದಾಗಲೂ ಇದೇ. ಸಂತ ಮತ್ತಾಯನು ಶಿಲುಬೆಯ ಮೇಲೆ ಯೇಸು ಪ್ರಾಣ ಬಿಟ್ಟರೆಂದು ಹೇಳುವಾಗಲೂ ಇದೇ ಕ್ರಿಯಾಪದವನ್ನು ಬಳಸುತ್ತಾನೆ. ಜ್ವರ ಬಿಡುವುದು, ಪ್ರಾಣ ಬಿಡುವುದು, ಮನೆ ಬಿಡುವುದು, ಹೋಗಲು ಬಿಡುವುದು: ಗ್ರೀಕರ ಒಂದು ಪದ ಮಾಡುವ ಕೆಲಸವನ್ನೆಲ್ಲ ನಮ್ಮ ‘ಬಿಡು’ ಎಂಬ ಅಚ್ಚಗನ್ನಡ ಪದವೂ ಮಾಡುತ್ತದೆ. ಯಳಂದೂರು, ಕೊಳ್ಳೇಗಾಲ, ಹನೂರು ಸೀಮೆಯಲ್ಲಿ ಜಗಳ ಬಿಡಿಸುವ ಹಿರಿಯರು “ಓಗ್ಲಿ ಬುಡಪ್ಪ” ಎನ್ನುತ್ತಾರಲ್ಲ, ಆ ‘ಬುಡು’ ಎಂಬ ಮಾತು ಶುಭಸಂದೇಶದ ಗ್ರೀಕ್ ಪದಕ್ಕೆ ಬಹಳ ಹತ್ತಿರದ್ದು.

ಹಾಗಾದರೆ ‘ಕ್ಷಮಿಸು’ ಎಂಬುದು ತಪ್ಪು ಅನುವಾದವೇ? ಖಂಡಿತ ಅಲ್ಲ. ಅದು ‘ತಾಳು, ಸಹಿಸು’ ಎಂಬರ್ಥದ ಸಂಸ್ಕೃತ ಧಾತುವಿನಿಂದ ಬಂದ ಘನವಾದ ಪದ. ಎಲ್ಲರ ಭಾರವನ್ನೂ ಹೊರುವ ಭೂಮಿಗೂ ‘ಕ್ಷಮಾ’ ಎಂಬ ಹೆಸರಿದೆ. ಆದರೆ ಆ ಪದದ ಒಂದೇ ಮುಖವನ್ನು ಕಂಡವರಿಗೆ ಕ್ಷಮೆಯೆಂದರೆ ಸಹಿಸಿಕೊಂಡು ಬಿದ್ದಿರುವುದು ಎಂಬ ಭಾವನೆ ಬರುವ ಅಪಾಯವಿದೆ. ಗ್ರೀಕ್ ಪದ ಆ ಘನತೆಯ ಪಕ್ಕದಲ್ಲಿ ಮತ್ತೊಂದು ಚಿತ್ರವನ್ನು ಇಡುತ್ತದೆ: ಬಿಗಿಯಾಗಿ ಹಿಡಿದಿದ್ದ ಮುಷ್ಟಿ ತೆರೆದುಕೊಳ್ಳುವ ಚಿತ್ರ.

ಆ ಮುಷ್ಟಿಯಲ್ಲಿ ಇರುವುದೇನು? ಸಂತ ಮತ್ತಾಯನ ಶುಭಸಂದೇಶದಲ್ಲಿ ಪರಲೋಕ ಮಂತ್ರದ ಆ ಸಾಲು ಮಾತನಾಡುವುದು ಅಕ್ಷರಶಃ ಸಾಲದ ಬಗ್ಗೆ. ಯೇಸುವಿನ ಮಾತೃಭಾಷೆಯಾದ ಅರಾಮಾಯಿಕ್‌ನಲ್ಲಿ ಸಾಲಕ್ಕೂ ಪಾಪಕ್ಕೂ ಒಂದೇ ಪದವಿತ್ತು. ಇಂದಿನ ಪತ್ರಿಕೆಗಳ ಭಾಷೆಯಲ್ಲಿ ಹೇಳುವುದಾದರೆ, ನಾವು ದೇವರಲ್ಲಿ ಬೇಡುವುದು ಸಾಲಮನ್ನಾ. 2018ರಲ್ಲಿ ನಮ್ಮ ರಾಜ್ಯ ಸರ್ಕಾರ ರೈತರ ಬೆಳೆಸಾಲ ಮನ್ನಾ ಘೋಷಿಸಿದಾಗ, ಅದರ ಹಣವನ್ನು ಎಲ್ಲಿಂದ ತರುವುದೆಂಬ ಚರ್ಚೆ ನಡೆದದ್ದು ನಿಮಗೆ ನೆನಪಿರಬಹುದು. ಮನ್ನಾ ಆದ ಸಾಲ ಗಾಳಿಯಲ್ಲಿ ಕರಗಿಹೋಗುವುದಿಲ್ಲ. ಸಾಲಗಾರನ ಹೆಗಲಿನಿಂದ ಇಳಿದ ಭಾರವನ್ನು ಬಿಟ್ಟುಕೊಟ್ಟವನು ಹೊರುತ್ತಾನೆ. ಕ್ಷಮೆಗೆ ಬೆಲೆಯಿದೆ, ಆ ಬೆಲೆಯನ್ನು ತೆರುವವನು ಕ್ಷಮಿಸುವವನೇ. ಶಿಲುಬೆಯನ್ನು ನೋಡುವಾಗ ನಾವು ನೋಡುವುದು ಆ ಬೆಲೆಯನ್ನು.

ಈ ಕ್ರಿಯಾಪದದಿಂದ ಹುಟ್ಟಿದ ‘ಅಫೆಸಿಸ್’ ಎಂಬ ನಾಮಪದ ಇನ್ನೂ ಸ್ಪಷ್ಟವಾಗಿ ಮಾತನಾಡುತ್ತದೆ. ಹಳೆಯ ಒಡಂಬಡಿಕೆಯ ಪ್ರಾಚೀನ ಗ್ರೀಕ್ ಅನುವಾದದಲ್ಲಿ, ಯಾಜಕಕಾಂಡದ 25ನೇ ಅಧ್ಯಾಯದ ಜುಬಿಲಿ ವರ್ಷಕ್ಕೆ, ಅಂದರೆ ಮಾರಿಕೊಂಡ ಭೂಮಿ ಮೂಲದವರಿಗೆ ಮರಳುವ, ಮಾರಿಕೊಂಡ ಮನುಷ್ಯ ತನ್ನ ಕುಟುಂಬಕ್ಕೆ ಮರಳುವ 50ನೇ ವರ್ಷಕ್ಕೆ, ಬಳಸಿರುವುದು ಇದೇ ಪದ. ನಜರೇತಿನ ಪ್ರಾರ್ಥನಾಮಂದಿರದಲ್ಲಿ ಯೆಶಾಯನ ಗ್ರಂಥವನ್ನು ತೆರೆದು ಯೇಸು ಸೆರೆಯವರ ಬಿಡುಗಡೆಯನ್ನು ಸಾರಿದಾಗ ಸಂತ ಲೂಕನು ಬರೆದದ್ದೂ ಇದನ್ನೇ. ಪಾಪಕ್ಷಮೆಗೂ ಬಿಡುಗಡೆಗೂ ಗ್ರೀಕಿನಲ್ಲಿ ಒಂದೇ ಹೆಸರು.

ಬಿಡುಗಡೆಯೆಂದರೇನೆಂದು ನಮ್ಮ ನಾಡಿನ ಹಿರಿಯರಿಗೆ ಪುಸ್ತಕದಿಂದ ಕಲಿಸಬೇಕಾಗಿಲ್ಲ. ಸಾಲಕ್ಕಾಗಿ ಮಗನನ್ನು ಒಡೆಯನ ಮನೆಯಲ್ಲಿ ಜೀತಕ್ಕಿಡುವ ಪದ್ಧತಿ ನಮ್ಮ ಹಳ್ಳಿಗಳು ಕಂಡುಂಡ ನೋವು. 1975ರ ಅಕ್ಟೋಬರ್ 25ರಿಂದ ಜಾರಿಗೆ ಬಂದು, 1976ರಲ್ಲಿ ಕಾಯಿದೆಯಾದ ಜೀತಪದ್ಧತಿ ನಿರ್ಮೂಲನ ಶಾಸನ ಏಕಕಾಲದಲ್ಲಿ ಎರಡು ಕೆಲಸ ಮಾಡಿತು: ಆಳನ್ನು ಬಿಡಿಸಿತು, ಅವನನ್ನು ಕಟ್ಟಿಹಾಕಿದ್ದ ಸಾಲವನ್ನೂ ರದ್ದುಪಡಿಸಿತು. ಸಾಲ ಉಳಿದುಕೊಂಡರೆ ಬಿಡುಗಡೆ ಬರೀ ಮಾತು. ಸಾಲದ ಹಿಡಿತ ಇಂದಿಗೂ ಹಳೆಯ ಕಥೆಯಾಗಿಲ್ಲ. 2025ರ ಜನವರಿಯಲ್ಲಿ ನಮ್ಮ ಚಾಮರಾಜನಗರ ಜಿಲ್ಲೆಯ ಕೆಲವು ಹಳ್ಳಿಗಳಲ್ಲಿ ಕಿರುಸಾಲ ವಸೂಲಿಯವರ ಕಾಟಕ್ಕೆ ಅಂಜಿ ಜನ ಮನೆ ಬಿಟ್ಟು ಹೋದ ವರದಿಗಳು ಬಂದವು. ಮರುತಿಂಗಳೇ ಸರ್ಕಾರ ಅಂಥ ಕಿರುಕುಳದ ವಿರುದ್ಧ ಸುಗ್ರೀವಾಜ್ಞೆ ಹೊರಡಿಸಿತು.

ಈಗ ಸಂತ ಮತ್ತಾಯನ 18ನೇ ಅಧ್ಯಾಯದ ಸಾಮತಿಯನ್ನು ನೆನೆಯಿರಿ. ಹತ್ತು ಸಾವಿರ ತಲೆಂತುಗಳ ಸಾಲಗಾರನಿಗೆ ರಾಜನು ಕನಿಕರಪಟ್ಟು ಮಾಡಿದ್ದೂ ಎರಡು ಕೆಲಸ: ಅವನನ್ನು ಬಿಡಿಸಿದ, ಸಾಲವನ್ನು ಬಿಟ್ಟುಕೊಟ್ಟ. ಒಂದು ತಲೆಂತು ಸುಮಾರು ಆರು ಸಾವಿರ ದೆನಾರಿಗಳಿಗೆ ಸಮ. ಒಂದು ದೆನಾರಿ ಕೂಲಿಯವನ ಒಂದು ದಿನದ ಸಂಬಳ. ಅಂದರೆ ಆರು ಕೋಟಿ ದಿನಗಳ ಕೂಲಿ! ಅದೇ ಆಳು ಹೊರಗೆ ಬಂದು ತನಗೆ ನೂರು ದೆನಾರಿ ಕೊಡಬೇಕಾದ ಜೊತೆಗಾರನ ಕುತ್ತಿಗೆ ಹಿಸುಕಿದ. ನೂರು ದೆನಾರಿ ಅಲ್ಪ ಮೊತ್ತವೆಂದು ನಾವು ಪ್ರಬೋಧನೆಗಳಲ್ಲಿ ಹೇಳುವುದುಂಟು. ಕೂಲಿಯವನನ್ನು ಕೇಳಿ ನೋಡಿ: 2005ರ ಉದ್ಯೋಗ ಖಾತರಿ ಕಾಯಿದೆ ಒಂದು ಕುಟುಂಬಕ್ಕೆ ಇಡೀ ವರ್ಷಕ್ಕೆ ಭರವಸೆ ಕೊಟ್ಟದ್ದು ನೂರು ದಿನಗಳ ಕೆಲಸವನ್ನೇ. ಯೇಸುಸ್ವಾಮಿ ನಮ್ಮ ನೋವನ್ನು ಕ್ಷುಲ್ಲಕವೆನ್ನಲಿಲ್ಲ. ಇತರರು ನಮಗೆ ಕೊಡಬೇಕಾದದ್ದು ನಿಜವಾದ ಸಾಲ, ದೊಡ್ಡ ಸಾಲ. ದೇವರು ನಮಗೆ ಬಿಟ್ಟುಕೊಟ್ಟದ್ದರ ಮುಂದೆ ಮಾತ್ರ ಅದು ಚಿಕ್ಕದು.

ಆ ಆಳು ಜೊತೆಗಾರನನ್ನು ‘ಹಿಡಿದ’ ಎನ್ನುವಲ್ಲಿ ಇರುವ ಗ್ರೀಕ್ ಪದ ‘ಕ್ರತೇಯೋ’. ಪುನರುತ್ಥಾನದ ಸಂಜೆ ಪ್ರಭು ಪ್ರೇಷಿತರಿಗೆ ಪಾಪಗಳನ್ನು ಬಿಡುವ ಹಾಗೂ ಹಿಡಿದಿಡುವ ಅಧಿಕಾರ ಕೊಟ್ಟಾಗಲೂ ಸಂತ ಯೊವಾನ್ನನು ಇದೇ ಜೋಡಿಯನ್ನು ಬಳಸುತ್ತಾನೆ: ಬಿಡು, ಹಿಡಿ. ಕ್ಷಮೆಯ ವಿರುದ್ಧಪದ ಕೋಪ ಎಂದು ನಾವು ತಿಳಿದಿರುತ್ತೇವೆ. ಶುಭಸಂದೇಶದಲ್ಲಿ ಅದರ ವಿರುದ್ಧಪದ ‘ಹಿಡಿ’.

ರೇಷ್ಮೆಯ ನಂಟಿನ ಊರಾದ ಮಾಂಬಳ್ಳಿಯಲ್ಲಿ ಹಿರಿಯ ತಾಯಿಯೊಬ್ಬರು ಒಮ್ಮೆ ನನ್ನನ್ನು ಕೇಳಿದ್ದರು: “ಮೈದುನ ಬದು ಒತ್ತರಿಸ್ಕಂಡು ಆರು ವರ್ಸ ಆಯ್ತು ಸ್ವಾಮಿ. ಕ್ಷಮ್ಸಿವ್ನಿ ಅಂತ ಬಾಯಲ್ಲಿ ಅಂತೀನಿ, ಎದೆವೊಳ್ಗೆ ಬೇಯ್ತಾನೆ ಅದೆ. ಇದು ಕ್ಷಮೆ ಆದದಾ?” ಕ್ಷಮೆಯನ್ನು ಭಾವನೆಯೆಂದು ತಿಳಿದರೆ ಆ ತಾಯಿಗೆ ‘ಇಲ್ಲ’ ಎನ್ನಬೇಕಾಗುತ್ತದೆ. ಆದರೆ ‘ಅಫಿಯೇಮಿ’ ಕೈಯ ಕ್ರಿಯೆ, ಇಚ್ಛೆಯ ನಿರ್ಧಾರ. ಮೈದುನನ ಮನೆಗೆ ಕೇಡು ಬಯಸದೆ, ಅವನ ಮಕ್ಕಳಿಗೆ ಜ್ವರ ಬಂದಾಗ ಅವರು ಕಷಾಯ ಕಾಯಿಸಿಕೊಡುತ್ತಾರಾದರೆ ಮುಷ್ಟಿ ಆಗಲೇ ತೆರೆಯುತ್ತಿದೆ. ಎದೆಯ ಬೇಗೆ ತಣಿಯಲು ಕಾಲ ಬೇಕು. ರೇಷ್ಮೆಗೂಡನ್ನು ಬಿಸಿನೀರಿನಲ್ಲಿ ಇಟ್ಟು ಅಂಟು ಮೆದುವಾದ ಮೇಲೆಯೇ ನೂಲು ಬಿಚ್ಚುತ್ತಾರೆ. ಅವಸರದಿಂದ ಎಳೆದರೆ ಎಳೆ ಹರಿಯುತ್ತದೆ ಎಂಬುದು ಆ ಊರಿನವರಿಗೆ ತಿಳಿದ ವಿಷಯ. ಪರಲೋಕ ಮಂತ್ರದಲ್ಲಿ ಸಂತ ಮತ್ತಾಯನು ಈ ಕ್ರಿಯಾಪದವನ್ನು ‘ಬಿಟ್ಟಿದ್ದೇವೆ’ ಎಂಬರ್ಥದ ಭೂತಕಾಲದಲ್ಲಿ ಬಳಸಿದರೆ, ಸಂತ ಲೂಕನು ‘ಬಿಡುತ್ತಿದ್ದೇವೆ’ ಎಂಬರ್ಥದ ವರ್ತಮಾನದಲ್ಲಿ ಬಳಸುತ್ತಾನೆ. ಒಮ್ಮೆ ಬಿಡುವ ನಿರ್ಧಾರವೂ ಬೇಕು. ದಿನದಿನವೂ ಮತ್ತೆ ಬಿಡುವ ಸಾಧನೆಯೂ ಬೇಕು.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳಲೇಬೇಕು. ಕನ್ನಡದಲ್ಲಿ ‘ಬಿಡು’ವಿನ ಜೊತೆಗೇ ‘ಕೈಬಿಡು’ ಎಂಬ ಮಾತೂ ಇದೆ. ಗ್ರೀಕ್ ಪದಕ್ಕೂ ಆ ಅರ್ಥವಿದೆ. ತೋಳ ಬಂದಾಗ ಕುರಿಗಳನ್ನು ಬಿಟ್ಟು ಓಡುವ ಕೂಲಿಯಾಳಿನ ವಿಷಯದಲ್ಲಿ ಯೇಸು ಬಳಸಿದ್ದು ಇದೇ ಕ್ರಿಯಾಪದ. ಪುದೀನ, ಸೋಂಪು, ಜೀರಿಗೆಗಳ ದಶಾಂಶ ಕೊಟ್ಟು ನ್ಯಾಯ, ದಯೆ, ವಿಶ್ವಾಸಗಳನ್ನು ಬಿಟ್ಟುಬಿಟ್ಟ ಫರಿಸಾಯರನ್ನು ಅವರು ಖಂಡಿಸಿದ್ದೂ ಇದೇ ಕ್ರಿಯಾಪದದಿಂದ. ಸಾಲವನ್ನು ಬಿಡಬಹುದು, ನ್ಯಾಯವನ್ನು ಬಿಡಲಾಗದು.

ಆದ್ದರಿಂದ, ಗಂಡನ ಹೊಡೆತ ತಿಂದು ತವರಿಗೆ ಬಂದ ಹೆಣ್ಣುಮಗಳಿಗೆ “ಕ್ರೈಸ್ತಳಲ್ಲವೇನಮ್ಮ, ಕ್ಷಮಿಸಿ ಹಿಂದಕ್ಕೆ ಹೋಗು” ಎಂದು ಬುದ್ಧಿ ಹೇಳುವವರು ಯೋಚಿಸಬೇಕು. ಸಾಲ ಬಿಡುವ ಹಕ್ಕು ಸಾಲ ಕೊಟ್ಟವನದು. ನೆರೆಯವನು ಬಂದು ಅದನ್ನು ಮನ್ನಾ ಮಾಡಲಾಗದು. ಆಕೆಯ ನೋವನ್ನು ಆಕೆಯ ಪರವಾಗಿ ಬಿಟ್ಟುಕೊಡುವ ಅಧಿಕಾರ ಊರ ಯಜಮಾನರಿಗಿಲ್ಲ, ಅತ್ತೆಮಾವಂದಿರಿಗಿಲ್ಲ, ಗುರುಗಳಾದ ನಮಗೂ ಇಲ್ಲ. ಆಕೆ ಕ್ಷಮಿಸಿದರೂ ಹೊಡೆಯುವ ಕೈಗೆ ಮತ್ತೆ ಸಿಗಬೇಕೆಂಬ ನಿಯಮವೂ ಇಲ್ಲ. ಕ್ಷಮೆ ಒಬ್ಬರಿಂದ ಆಗುತ್ತದೆ. ಸಂಧಾನಕ್ಕೆ ಇಬ್ಬರೂ ಬೇಕು, ತಪ್ಪಿತಸ್ಥನ ಮನಪರಿವರ್ತನೆಯೂ ಬೇಕು.

ಕ್ಷಮೆ ಮತ್ತು ನ್ಯಾಯ ಜೊತೆಗೂಡಿ ನಡೆಯಬಲ್ಲವು ಎಂಬುದಕ್ಕೆ ನಮ್ಮ ಕಾಲದ ಸಾಕ್ಷಿಯೊಂದಿದೆ. 1981ರ ಮೇ 13ರಂದು ಸಂತ ಪೇತ್ರರ ಚೌಕದಲ್ಲಿ ಜಗದ್ಗುರು ಎರಡನೇ ಜಾನ್ ಪಾಲರಿಗೆ ಮೆಹ್ಮತ್ ಅಲಿ ಅಗ್ಜಾ ಗುಂಡಿಕ್ಕಿದ. ಕೆಲವೇ ದಿನಗಳಲ್ಲಿ, ಆಸ್ಪತ್ರೆಯಿಂದಲೇ, ಜಗದ್ಗುರುಗಳು ಅವನನ್ನು ಕ್ಷಮಿಸಿದ್ದಾಗಿ ಸಾರಿದರು. 1983ರ ಡಿಸೆಂಬರ್ 27ರಂದು ರೋಮಿನ ಸೆರೆಮನೆಗೆ ಹೋಗಿ, ಅವನ ಪಕ್ಕದಲ್ಲಿ ಕುಳಿತು ಮಾತನಾಡಿದರು. ಆದರೂ ಅಗ್ಜಾ ಇಟಲಿಯ ಸೆರೆಯಿಂದ ಹೊರಬಂದದ್ದು 2000ದಲ್ಲಿ, ಅಲ್ಲಿನ ರಾಷ್ಟ್ರಪತಿಗಳ ಕ್ಷಮಾದಾನದಿಂದ. ಜಗದ್ಗುರುಗಳು ಬಿಟ್ಟದ್ದು ತಮ್ಮ ಕೈಯಲ್ಲಿದ್ದ ಸಾಲವನ್ನು. ನ್ಯಾಯಾಲಯ ತನ್ನ ಕೆಲಸವನ್ನು ಮಾಡಿತು.

ಪ್ರಿಯರೇ, ನಿಮ್ಮ ಕೈಯಲ್ಲಿ ಯಾರ ಸಾಲದ ಚೀಟಿಯಿದೆ? ಪಾಲು ಸರಿಯಾಗಿ ಕೊಡದ ಅಣ್ಣನದೇ? ಮದುವೆಯ ಮನೆಯಲ್ಲಿ ಅವಮಾನ ಮಾಡಿದ ಬೀಗರದೇ? ತೀರಿಹೋದ ತಂದೆಯದೇ? ಕಾಣಿಕೆಯನ್ನು ಬಲಿಪೀಠದ ಮುಂದೆಯೇ ಬಿಟ್ಟು ಮೊದಲು ಸಹೋದರನೊಡನೆ ಸಂಧಾನವಾಗೆಂದು ಪ್ರಭು ಹೇಳಿದಲ್ಲಿಯೂ ಇರುವುದು ಇದೇ ಕ್ರಿಯಾಪದ. ಈ ರಾತ್ರಿ ಮನೆಯವರೆಲ್ಲ ಕೂಡಿ ಪರಲೋಕ ಮಂತ್ರವನ್ನು ಜಪಿಸುವಾಗ ಆ ಸಾಲಿನ ಬಳಿ ಒಂದು ಉಸಿರಿನಷ್ಟು ಹೊತ್ತು ನಿಲ್ಲಿರಿ. ಒಬ್ಬರ ಹೆಸರನ್ನು ಮನಸ್ಸಿನಲ್ಲಿ ನೆನೆದು, ಮಡಿಚಿದ ಬೆರಳುಗಳನ್ನು ತೆರೆಯಿರಿ. ನಾಳೆಯೂ ಹಾಗೆಯೇ ಮಾಡಿರಿ. ಬಿಡುವ ಶಕ್ತಿಯನ್ನು, ತಮ್ಮನ್ನು ಕೊಂದವರಿಗಾಗಿ ಬೇಡಿ ಪ್ರಾಣ ಬಿಟ್ಟ ಪ್ರಭುವೇ ನಮಗೆ ದಯಪಾಲಿಸಲಿ.