ವಿದ್ಯಾಪೀಠದ ಅಂಗಿಯೂ ವಿದ್ಯಾರ್ಥಿಯ ಧರ್ಮವೂ

ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಒಂದು ವಾಡಿಕೆಯುಂಟು. ವಿದ್ಯಾಪೀಠದ ಹೆಸರನ್ನೂ ಲಾಂಛನವನ್ನೂ ಅಚ್ಚು ಹಾಕಿದ ಅಂಗಿ ಟೊಪ್ಪಿಗೆಗಳನ್ನು ವಿದ್ಯಾರ್ಥಿಗಳು ಮಾತ್ರವಲ್ಲದೆ ಆಟ ನೋಡಲು ಬರುವ ಊರವರೂ ಹೆಮ್ಮೆಯಿಂದ ತೊಡುವರು. ಈ ಅಂಗಿಗಳನ್ನು ಸಾಮಾನ್ಯವಾಗಿ ವಿದ್ಯಾಪೀಠವು ತಾನಾಗಿ ಹೊಲಿಸುವುದಿಲ್ಲ. ತನ್ನ ಹೆಸರನ್ನು ಬಳಸಲು ಒಂದು ಕಂಪೆನಿಗೆ ಅನುಮತಿಯಿತ್ತು, ಮಾರಾಟದ ಮೇಲೆ ಇಷ್ಟೆಂದು ರಾಯಧನವನ್ನು ಪಡೆಯುತ್ತದೆ. ಆ ಕಂಪೆನಿಯೂ ಅನೇಕ ವೇಳೆ ತಾನು ಹೊಲಿಯದೆ ದೂರದೇಶದ ಕಾರ್ಖಾನೆಗೆ ಗುತ್ತಿಗೆ ಕೊಡುತ್ತದೆ. ಹೀಗೆ ಕೈಯಿಂದ ಕೈಗೆ ಸಾಗುವಲ್ಲಿ ಲಾಭವು ಮೇಲಕ್ಕೇರಿದರೂ ಹೊಣೆಯು ನಡುದಾರಿಯಲ್ಲಿಯೇ ಕರಗಿಹೋಗುವುದು. ಹೊಲಿದವಳಿಗೆ ಹೊಟ್ಟೆ ತುಂಬುವಷ್ಟು ಕೂಲಿ ದೊರೆಯದಿದ್ದರೆ ಆ ಪಾಪವು ಯಾರ ಪಾಲಿನದು?

1999ನೆಯ ಇಸವಿಯ ಫೆಬ್ರವರಿಯಲ್ಲಿ ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಈ ಪ್ರಶ್ನೆಯನ್ನು ಹೊತ್ತು ಅಧ್ಯಕ್ಷರ ಕಚೇರಿಯಲ್ಲಿ 85 ಗಂಟೆಗಳ ಕಾಲ ಕುಳಿತರು. ಅವರು ಮುಖ್ಯವಾಗಿ ಕೇಳಿದುದು ಇಷ್ಟೇ: ವಿದ್ಯಾಪೀಠದ ಬಟ್ಟೆ ಯಾವ ಯಾವ ಕಾರ್ಖಾನೆಗಳಲ್ಲಿ ಸಿದ್ಧವಾಗುತ್ತದೆಂಬುದನ್ನು ಬಹಿರಂಗಪಡಿಸಬೇಕು. ಕೇಳಿಕೆಯು ಅಲ್ಪವೆಂದು ತೋರಬಹುದು. ಆದರೆ ಕಾಣದ ಸ್ಥಳದಲ್ಲಿ ನಡೆಯುವ ಅನ್ಯಾಯವನ್ನು ತಡೆಯುವವರಾರು? ಜಾರ್ಜ್‌ಟೌನ್ ಜೆಸುಯಿಟ್ ಪಾದ್ರಿಗಳು ಸ್ಥಾಪಿಸಿದ ವಿದ್ಯಾಪೀಠ. ಅವರ ಧರ್ಮಸಭೆಯ ಗುರು ಹದಿಮೂರನೆಯ ಲಿಯೋ 1891ರಲ್ಲಿಯೇ, ಕೂಲಿಯವನು ಒಪ್ಪಿಕೊಂಡನೆಂಬ ಮಾತ್ರದಿಂದ ಕೂಲಿ ನ್ಯಾಯವಾಗದು, ಮಿತವಾಗಿ ಬಾಳುವವನ ಜೀವನಕ್ಕೆ ಅದು ಸಾಲಬೇಕು ಎಂದು ತನ್ನ ಧರ್ಮಪತ್ರದಲ್ಲಿ ವಿಧಿಸಿದ್ದನು. ಹಸಿದವನ ಒಪ್ಪಿಗೆಯು ಒಪ್ಪಿಗೆಯೇ ಅಲ್ಲವೆಂಬುದು ಇದರ ತಾತ್ಪರ್ಯ. ಗುರುಪೀಠದ ಮಾತನ್ನು ಪಾಠಶಾಲೆಯಲ್ಲಿ ಬೋಧಿಸಿ ಅಂಗಡಿಯಲ್ಲಿ ಮರೆಯುವುದು ಹೇಗೆ ಸರಿಯಾದೀತು?

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಧರ್ಮಶ್ರದ್ಧೆಯುಳ್ಳ ತರುಣರ ಸಂಘಗಳು ಬಟ್ಟೆಯ ವಿಚಾರಕ್ಕೆ ಕೈ ಹಾಕುವಾಗ ಅವರ ಮನಸ್ಸಿನಲ್ಲಿ ಎರಡು ಬೇರೆ ಬೇರೆ ಆಸೆಗಳು ಬೆರೆತಿರಬಹುದು. ಹೊಲಿದವಳಿಗೆ ನ್ಯಾಯ ದೊರೆಯಲೆಂಬುದು ಒಂದು. ತನ್ನ ಮೈಗೆ ಪಾಪದ ಸೋಂಕು ತಗಲದಿರಲೆಂಬುದು ಇನ್ನೊಂದು. ಎರಡನೆಯದು ನಮ್ಮ ಮನೆಗಳಲ್ಲಿ ಯಾರಿಗೂ ಹೊಸದಲ್ಲ. ಒಗೆದು ಗಳುವಿನ ಮೇಲೆ ಹರವಿದ ಮಡಿಬಟ್ಟೆಯನ್ನು ಕೋಲಿನಿಂದಲೇ ಎತ್ತಿಕೊಳ್ಳುವ ಮುದುಕಿಯು ಅದನ್ನು ನೇಯ್ದವನಿಗೆ ಎಷ್ಟು ದಕ್ಕಿತೆಂದು ವಿಚಾರಿಸಿದುದುಂಟೆ? ಮಡಿಯು ಉಟ್ಟವರ ಕ್ಷೇಮವನ್ನು ನೋಡುತ್ತದೆ. ನ್ಯಾಯವು ನೇಯ್ದವರ ಕಡೆಗೆ ತಿರುಗುತ್ತದೆ. ಇವೆರಡನ್ನೂ ಒಂದೆಂದು ಭ್ರಮಿಸಿದರೆ, ಕಳಂಕವುಳ್ಳ ಕಂಪೆನಿಯನ್ನು ಬಿಟ್ಟ ಕೂಡಲೆ ಕರ್ತವ್ಯವು ಮುಗಿಯಿತೆಂದು ನಿಶ್ಚಿಂತರಾಗಿ ನಿದ್ರಿಸಬಹುದು.

ಹದಿನೆಂಟನೆಯ ಶತಮಾನದ ಕ್ವೇಕರ್ ಸಾಧು ಜಾನ್ ವುಲ್ಮನ್ನನು ಬಣ್ಣ ಹಾಕದ ಬಟ್ಟೆಯನ್ನೇ ಉಟ್ಟವನು, ಗುಲಾಮರ ದುಡಿಮೆಯ ಸಕ್ಕರೆಯನ್ನು ತೊರೆದವನು. ಅಷ್ಟರಿಂದಲೇ ಅವನು ತೃಪ್ತನಾಗಿದ್ದರೆ ಅವನನ್ನು ಮಡಿವಂತರ ಸಾಲಿನಲ್ಲಿ ಕೂರಿಸಬಹುದಾಗಿತ್ತು. ಆದರೆ ಅವನು ಗುಲಾಮರನ್ನಿಟ್ಟುಕೊಂಡ ಸ್ವಮತಸ್ಥರ ಮನೆಮನೆಗೆ ಹೋಗಿ, ಅವರ ಎದುರಿಗೆ ಕುಳಿತು, ಕಠೋರವಾಗಿ ನುಡಿಯದೆ ವಾದಿಸಿದನು. ಅವನು ತೀರಿದ್ದು 1772ರಲ್ಲಿ. ಫಿಲಡೆಲ್ಫಿಯದ ಕ್ವೇಕರ್ ಮಹಾಸಭೆಯು ಸದಸ್ಯರು ಗುಲಾಮರನ್ನಿಟ್ಟುಕೊಳ್ಳಕೂಡದೆಂದು ವಿಧಿಸಿದ್ದು 1776ರಲ್ಲಿ.

ಇನ್ನು ಅರ್ಥಶಾಸ್ತ್ರಜ್ಞರ ಆಕ್ಷೇಪವೊಂದುಂಟು. ಶ್ರೀಮಂತ ದೇಶದ ಹುಡುಗರು ಕೋಪಿಸಿಕೊಂಡು ಬಟ್ಟೆಯನ್ನು ಬಿಟ್ಟರೆ ಬಡದೇಶದ ಹೆಂಗಸಿನ ಕೆಲಸವು ಹೋಗುವುದಲ್ಲದೆ ಬೇರೇನಾದೀತು ಎಂದು ಅವರು ಕೇಳುವರು. ಈ ಮಾತನ್ನು ಹಗುರವಾಗಿ ತಳ್ಳಿಹಾಕತಕ್ಕದ್ದಲ್ಲ. ಬರಿಯ ಬಹಿಷ್ಕಾರಕ್ಕೆ ಅದು ಪೂರ್ತಿಯಾಗಿ ತಗಲುತ್ತದೆ. ಆದರೆ 2009ರಲ್ಲಿ ನಡೆದುದನ್ನು ನೋಡಿರಿ. ರಸೆಲ್ ಅಥ್ಲೆಟಿಕ್ ಕಂಪೆನಿಯು, ಕೆಲಸಗಾರರು ಸಂಘ ಕಟ್ಟಿಕೊಂಡಿದ್ದ ಹೊಂಡುರಾಸಿನ ತನ್ನ ಕಾರ್ಖಾನೆಯನ್ನು ಮುಚ್ಚಿತು. ವಿದ್ಯಾರ್ಥಿಗಳ ಒತ್ತಾಯದಿಂದ ನೂರರ ಸಮೀಪ ವಿದ್ಯಾಪೀಠಗಳು ಅದಕ್ಕಿತ್ತ ಅನುಮತಿಯನ್ನು ಹಿಂತೆಗೆದುಕೊಂಡವು. ಅಲ್ಲಿ ವಿದ್ಯಾರ್ಥಿಗಳ ಕೂಗು, ಆ ಕೆಲಸಗಾರರ ಕೂಗಿನಂತೆಯೇ, ಕಾರ್ಖಾನೆಯನ್ನು ಮತ್ತೆ ತೆರೆಯಿರಿ ಎಂಬುದಾಗಿತ್ತು. ಆ ವರ್ಷದ ನವೆಂಬರಿನಲ್ಲಿ ಕಂಪೆನಿಯು ಸುಮಾರು 1,200 ಮಂದಿಯನ್ನು ಮರಳಿ ಕೆಲಸಕ್ಕೆ ತೆಗೆದುಕೊಳ್ಳಲೊಪ್ಪಿತು. ದೂರವಾಗುವುದು ಬೇರೆ, ದೂರವಾಗುವೆನೆಂದು ಹೇಳಿ ತಿದ್ದುವುದು ಬೇರೆ. ಕೆಲಸಗಾರರನ್ನು ಕೇಳದೆ ಅವರ ಪರವಾಗಿ ಹೋರಾಡುವವರು ಅರ್ಥಶಾಸ್ತ್ರಜ್ಞರ ಬಾಣಕ್ಕೆ ಗುರಿಯಾಗುವರು. ಕೇಳಿ ಹೋರಾಡುವವರಿಗೆ ಆ ಬಾಣವು ತಾಕದು.

ವಿದ್ಯಾಪೀಠವೇ ಏಕೆ, ಎಲ್ಲರೂ ಬಟ್ಟೆ ಕೊಳ್ಳುವುದಿಲ್ಲವೆ ಎಂದರೆ, ಸಂತೆಯಲ್ಲಿ ಒಂದು ಅಂಗಿ ಕೊಳ್ಳುವ ಗೃಹಸ್ಥನಿಗೆ ಕಾರ್ಖಾನೆಯ ಹೆಸರನ್ನು ಕೇಳುವ ಬಲವಿಲ್ಲ. ತನ್ನ ಹೆಸರನ್ನೇ ಬೆಲೆಗೆ ಕೊಟ್ಟವನಿಗೆ ಬಲವೂ ಉಂಟು, ಪಾಲೂ ಉಂಟು. 2013ರ ಏಪ್ರಿಲ್ 24ರಂದು ಢಾಕಾದ ಬಳಿ, ಹಿಂದಿನ ದಿನವೇ ಬಿರುಕು ಬಿಟ್ಟಿದ್ದ ರಾಣಾ ಪ್ಲಾಜಾ ಕಟ್ಟಡವು ಕುಸಿದು 1,100ಕ್ಕೂ ಮಿಕ್ಕಿ ಜನರು ಸತ್ತಾಗ, ತಮ್ಮ ಬಟ್ಟೆ ಅಲ್ಲಿ ಹೊಲಿಯಲ್ಪಡುತ್ತಿತ್ತೆ ಎಂಬುದೇ ಹಲವು ವ್ಯಾಪಾರಿಗಳಿಗೆ ಕೂಡಲೆ ಗೊತ್ತಿರಲಿಲ್ಲ. ಜಾರ್ಜ್‌ಟೌನಿನವರು ಕೇಳಿದ ಆ ಅಲ್ಪ ಪಟ್ಟಿಯ ಬೆಲೆ ಇಲ್ಲಿ ತಿಳಿಯುತ್ತದೆ.

ಈ ವೃತ್ತಾಂತದ ಒಂದು ಎಳೆ ಕನ್ನಡನಾಡಿಗೂ ಬಂದಿದೆ. ವಿದ್ಯಾರ್ಥಿಗಳ ಚಳವಳಿಯಿಂದ 2000ದಲ್ಲಿ ಹುಟ್ಟಿದ ವರ್ಕರ್ ರೈಟ್ಸ್ ಕನ್ಸಾರ್ಷಿಯಮ್ ಎಂಬ ತನಿಖಾ ಸಂಸ್ಥೆಯು, ಕರ್ನಾಟಕದ ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ 2020ರ ಏಪ್ರಿಲಿನಿಂದ ಸಲ್ಲಬೇಕಾಗಿದ್ದ ತುಟ್ಟಿಭತ್ಯವು ಸಲ್ಲದಿದ್ದುದನ್ನು ಹೊರಗೆಡವಿತು. ತಿಂಗಳಿಗೆ 417 ರೂಪಾಯಿ; ಬಾಧಿತರು ನಾಲ್ಕು ಲಕ್ಷಕ್ಕೂ ಹೆಚ್ಚು, ಅವರಲ್ಲಿ ಬಹುಮಂದಿ ಹೆಂಗಸರು. ಇಲ್ಲಿಯ ಕಾರ್ಮಿಕ ಸಂಘಗಳು ಅದಕ್ಕಾಗಿ ಮೊದಲಿನಿಂದಲೂ ಹೋರಾಡುತ್ತಿದ್ದವು. 2022ರ ಆರಂಭದಲ್ಲಿ ದೊಡ್ಡ ಕಾರ್ಖಾನೆಗಳು ಬಾಕಿಯನ್ನು ಸಲ್ಲಿಸಲು ಒಪ್ಪಿದವು.