ಕೀಟದೊಳಗಣ ಸೂಕ್ಷ್ಮಜೀವಿ: ಹೆಸರು, ಎಣಿಕೆ ಮತ್ತು ಅಹಿಂಸೆ

ಜೀವದಯೆಯೇ ಧರ್ಮದ ಮೂಲವೆಂದು ನಂಬಿದ ಸಮಾಜಕ್ಕೆ ಮೊದಲು ಎದುರಾಗುವ ಪ್ರಶ್ನೆ ‘ಜೀವ ಎಲ್ಲೆಲ್ಲಿದೆ?’ ಎಂಬುದು. ಜೀವದ ನೆಲೆಯನ್ನು ಅರಿಯದವನು ದಯೆಯನ್ನು ಎಲ್ಲಿ ತೋರಿಯಾನು? ಆದುದರಿಂದಲೇ ನಮ್ಮ ಆಚಾರ್ಯರು ಅಹಿಂಸೆಯನ್ನು ಬೋಧಿಸುವುದರ ಜೊತೆಯಲ್ಲಿಯೇ ಜೀವರಾಶಿಯನ್ನು ವರ್ಗೀಕರಿಸುವ ಮಹತ್ಕಾರ್ಯವನ್ನೂ ಕೈಗೊಂಡರು. ಸ್ಥಾವರ, ತ್ರಸ ಎಂಬ ಎರಡು ವಿಭಾಗಗಳು; ಏಕೇಂದ್ರಿಯದಿಂದ ಪಂಚೇಂದ್ರಿಯದವರೆಗಿನ ಐದು ಮೆಟ್ಟಿಲುಗಳು; ಎಂಬತ್ತನಾಲ್ಕು ಲಕ್ಷ ಯೋನಿಗಳು; ಇವೆಲ್ಲ ಪಂಡಿತರ ಕುತೂಹಲಕ್ಕಾಗಿ ಹುಟ್ಟಿದ ಲೆಕ್ಕಗಳಲ್ಲ. ನಡೆಯುವಾಗ, ಉಣ್ಣುವಾಗ, ನೀರು ಕುಡಿಯುವಾಗ ಎಲ್ಲಿ ಎಚ್ಚರ ಬೇಕು ಎಂಬುದನ್ನು ತೋರಿಸುವ ಕೈದೀವಿಗೆಗಳು.

ಈ ವರ್ಗೀಕರಣಶಾಸ್ತ್ರದೊಡನೆ ಕನ್ನಡಕ್ಕೆ ಹಳೆಯ ನಂಟಿದೆ. ಚಾವುಂಡರಾಯನ ಕಾಲದಲ್ಲಿ ಬಾಳಿದ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ಪ್ರಾಕೃತದಲ್ಲಿ ‘ಗೊಮ್ಮಟಸಾರ’ವನ್ನು ರಚಿಸಿದರು. ಅದರ ಜೀವಕಾಂಡವು ಜೀವಗಳ ಭೇದ, ಪ್ರಾಣ, ಗುಣಸ್ಥಾನ, ಮಾರ್ಗಣಗಳ ವಿಸ್ತಾರವಾದ ನಿರೂಪಣೆ. 1359ರಲ್ಲಿ ಕೇಶವವರ್ಣಿಯು ಆ ಗ್ರಂಥಕ್ಕೆ ಕನ್ನಡದಲ್ಲಿ ವೃತ್ತಿಯನ್ನು ಬರೆದನು. ಅಂತಹ ಭಾಷೆಯನ್ನು ಮನೆಮಾತಾಗಿ ಪಡೆದು, ಮಲಯಾಳದ ನೆಲದಲ್ಲಿ ತಲೆಮಾರುಗಳಿಂದ ಬಾಳುತ್ತಿರುವ ನಾವು, ಇಂದಿನ ವಿಜ್ಞಾನವು ಕಂಡುಕೊಂಡ ಹೊಸ ಜೀವಗಳನ್ನು ಕುರಿತು ಈ ಉತ್ಸವದ ಸಂದರ್ಭದಲ್ಲಿ ಒಂದಿಷ್ಟು ಚಿಂತಿಸುವುದು ಅನುಚಿತವಾಗಲಾರದು.

ಹಿಟ್ಟು ತಿಗಣೆಯ ಒಳಗೆ

ವಯನಾಡಿನ ಕಾಫಿ ಬೆಳೆಗಾರರಿಗೆ ಹಿಟ್ಟು ತಿಗಣೆಯ ಪರಿಚಯವನ್ನು ಮಾಡಿಕೊಡಬೇಕಾಗಿಲ್ಲ. ಮಲಯಾಳದಲ್ಲಿ ಮೀಲಿಮೂಟ್ಟ ಎಂದು ಕರೆಯಲ್ಪಡುವ ಈ ಬಿಳಿಯ ಕೀಟವು ಎಳೆಯ ಚಿಗುರಿಗೂ ಕಾಯಿಗೊಂಚಲಿಗೂ ಅಂಟಿಕೊಂಡು ರಸವನ್ನು ಹೀರುತ್ತದೆ. ಗಿಡದ ರಸದಲ್ಲಿ ಸಕ್ಕರೆ ಹೇರಳ. ಆದರೆ ದೇಹವನ್ನು ಕಟ್ಟಲು ಬೇಕಾದ ಅತ್ಯಾವಶ್ಯಕ ಅಮೈನೋ ಆಮ್ಲಗಳು ಅದರಲ್ಲಿ ತೀರ ಕಡಿಮೆ. ಕೇವಲ ಅದನ್ನೇ ಕುಡಿದು ಈ ಕೀಟ ಬದುಕುವುದಾದರೂ ಹೇಗೆ?

ಉತ್ತರವು ಅದರ ಒಡಲೊಳಗಿದೆ. ಕಿತ್ತಳೆ ಜಾತಿಯ ಗಿಡಗಳನ್ನೂ ಕಾಫಿಯನ್ನೂ ಬಾಧಿಸುವ ಪ್ಲಾನೊಕಾಕಸ್ ಸಿಟ್ರಿ ಎಂಬ ಹಿಟ್ಟು ತಿಗಣೆಯ ವಿಶೇಷ ಕೋಶಗಳಲ್ಲಿ ಟ್ರೆಂಬ್ಲಾಯಾ ಎಂಬ ಬ್ಯಾಕ್ಟೀರಿಯಾ ವಾಸಿಸುತ್ತದೆ. ಆ ಬ್ಯಾಕ್ಟೀರಿಯಾದ ಒಳಗೆ ಮೊರನೆಲ್ಲಾ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಇದೆ! ಕೀಟದೊಳಗೆ ಜೀವ, ಆ ಜೀವದೊಳಗೆ ಮತ್ತೊಂದು ಜೀವ. ಈ ವಿಸ್ಮಯವು 2001ರಲ್ಲಿ ಪ್ರಕಟವಾಯಿತು. 2011ರಲ್ಲಿ ಇವುಗಳ ವಂಶವಾಹಿಗಳನ್ನು ಓದಿದಾಗ ಇನ್ನೂ ಆಶ್ಚರ್ಯಕರ ಸಂಗತಿ ಬೆಳಕಿಗೆ ಬಂದಿತು. ಒಂದೇ ಅಮೈನೋ ಆಮ್ಲವನ್ನು ತಯಾರಿಸುವ ಕೆಲಸದ ಕೆಲವು ಹಂತಗಳನ್ನು ಟ್ರೆಂಬ್ಲಾಯಾ, ಕೆಲವನ್ನು ಮೊರನೆಲ್ಲಾ, ಮತ್ತೆ ಕೆಲವನ್ನು ಸ್ವತಃ ಕೀಟವೇ ಮಾಡುತ್ತದೆ. ಮೂವರಲ್ಲಿ ಒಬ್ಬರು ಇಲ್ಲವಾದರೂ ಕೆಲಸ ಪೂರ್ತಿಯಾಗದು. ನಮ್ಮ ಕರುಳಿನಲ್ಲಿರುವ ಸಾಮಾನ್ಯ ಬ್ಯಾಕ್ಟೀರಿಯಾವೊಂದರ ವಂಶವಾಹಿಯಲ್ಲಿ ಸುಮಾರು 46 ಲಕ್ಷ ಅಕ್ಷರಗಳಿದ್ದರೆ ಟ್ರೆಂಬ್ಲಾಯಾದಲ್ಲಿ ಇರುವುದು ಸುಮಾರು 1 ಲಕ್ಷ 39 ಸಾವಿರ ಮಾತ್ರ. ಪರಾಶ್ರಯದಲ್ಲಿ ಬಾಳುತ್ತ ಬಾಳುತ್ತ ಅದು ತನ್ನದೆಂಬುದನ್ನೆಲ್ಲ ಬಿಟ್ಟುಕೊಟ್ಟಿದೆ. ತತ್ತ್ವಾರ್ಥಸೂತ್ರದ ಐದನೆಯ ಅಧ್ಯಾಯದಲ್ಲಿ ಹೇಳಿರುವ ಜೀವಗಳ ಪರಸ್ಪರ ಉಪಕಾರದ ತತ್ತ್ವಕ್ಕೆ ಇದಕ್ಕಿಂತ ನಿಕಟವಾದ ಲೌಕಿಕ ದೃಷ್ಟಾಂತ ಬೇಕೆ?

ಹೆಸರಿಡುವ ನಿಯಮ

ಇಂತಹ ಜೀವಿಗೆ ಹೆಸರಿಡುವುದು ಸುಲಭವಲ್ಲ. ಬ್ಯಾಕ್ಟೀರಿಯಾಗಳ ನಾಮಕರಣಕ್ಕೆ ಅಂತಾರಾಷ್ಟ್ರೀಯ ಸಂಹಿತೆಯೊಂದಿದೆ. ಅದರ ಪ್ರಕಾರ ಹೊಸ ಜೀವಿಯನ್ನು ಪ್ರಯೋಗಾಲಯದಲ್ಲಿ ಶುದ್ಧವಾಗಿ ಬೆಳೆಸಿ, ಎರಡು ಬೇರೆ ದೇಶಗಳ ಸಂಗ್ರಹಾಲಯಗಳಲ್ಲಿ ಜೀವಂತವಾಗಿ ಇರಿಸಬೇಕು. ಆದರೆ ಕೀಟದ ಕೋಶವನ್ನು ಬಿಟ್ಟು ಕ್ಷಣಕಾಲವೂ ಬದುಕಲರಿಯದ ಜೀವಿಯನ್ನು ಗಾಜಿನ ತಟ್ಟೆಯಲ್ಲಿ ಬೆಳೆಸುವುದೆಂತು? ಈ ತೊಡಕಿನ ಪರಿಹಾರಕ್ಕಾಗಿ 1994-95ರಲ್ಲಿ ವಿಜ್ಞಾನಿಗಳು ‘ಕ್ಯಾಂಡಿಡೇಟಸ್’ ಎಂಬ ತಾತ್ಕಾಲಿಕ ವರ್ಗವನ್ನು ಸೂಚಿಸಿದರು. ‘ಇದು ಇದೆ ಎಂಬುದನ್ನು ಬಲ್ಲೆವು, ಪೂರ್ಣವಾಗಿ ಅರಿಯೆವು, ಆದುದರಿಂದ ಹೆಸರು ಉಮೇದುವಾರನಂತೆ ಕಾದಿರಲಿ’ ಎಂಬುದು ಇದರ ತಾತ್ಪರ್ಯ. ಟ್ರೆಂಬ್ಲಾಯಾ, ಮೊರನೆಲ್ಲಾ ಎರಡೂ ಈ ಉಮೇದುವಾರರ ಸಾಲಿಗೆ ಸೇರಿದವು. ಜೇನ್ನೊಣದ ಕರುಳಿನ ಸ್ನಾಡ್‌ಗ್ರಾಸೆಲ್ಲಾ, ಗಿಲ್ಲಿಯಾಮೆಲ್ಲಾ ಎಂಬ ಬ್ಯಾಕ್ಟೀರಿಯಾಗಳು ಪ್ರಯೋಗಾಲಯದಲ್ಲಿ ಬೆಳೆದುದರಿಂದ 2013ರಲ್ಲಿ ಪೂರ್ಣ ಹೆಸರನ್ನು ಪಡೆದವು. ಬೆಳೆಸಲಾಗದ ಜೀವಿಗಳಿಗೆ ವಂಶವಾಹಿಯ ಓದನ್ನೇ ಆಧಾರವಾಗಿ ಒಪ್ಪುವ ಪ್ರತ್ಯೇಕ ಸಂಹಿತೆಯೊಂದು 2022ರಲ್ಲಿ ಬಂದಿತು.

ಇನ್ನೊಂದು ತೊಡಕು ಎಣಿಕೆಯದು. ಜೀರುಂಡೆಯ, ಅಂದರೆ ಮಲಯಾಳದ ಚೀವೀಡಿನ, ದೇಹದಲ್ಲಿ ಹಾಜ್‌ಕಿನಿಯಾ ಎಂಬ ಬ್ಯಾಕ್ಟೀರಿಯಾ ಇದೆ. ದಕ್ಷಿಣ ಅಮೆರಿಕದ ಒಂದು ಜೀರುಂಡೆಯಲ್ಲಿ ಈ ಒಂದು ಬ್ಯಾಕ್ಟೀರಿಯಾ ಕಾಲಕ್ರಮದಲ್ಲಿ ಎರಡು ಕವಲಾಗಿ ಒಡೆದಿರುವುದು 2014ರಲ್ಲಿ ಗೊತ್ತಾಯಿತು. ಒಂದು ಕವಲು ಕಳೆದುಕೊಂಡ ವಂಶವಾಹಿಯನ್ನು ಇನ್ನೊಂದು ಉಳಿಸಿಕೊಂಡಿದೆ; ಎರಡೂ ಕೂಡಿದರೆ ಮಾತ್ರ ಮೊದಲಿನ ಒಂದರ ಕೆಲಸ ನಡೆಯುತ್ತದೆ. ಇವು ಎರಡು ಜೀವಿಗಳೇ, ಎರಡು ಕೋಶಗಳಲ್ಲಿ ಹಂಚಿಹೋದ ಒಂದೇ ಜೀವಿಯೇ? ವಂಶದ ದೃಷ್ಟಿಯಿಂದ ಎರಡು, ಕಾರ್ಯದ ದೃಷ್ಟಿಯಿಂದ ಒಂದು. ನಯವಾದವನ್ನು ಬಲ್ಲ ನಮಗೆ ಇದು ಅಪರಿಚಿತ ಉತ್ತರವಲ್ಲ.

ಇವೇ ನಿಗೋದ ಜೀವಗಳೇ?

ಇಲ್ಲಿ ನಮ್ಮಲ್ಲಿ ಅನೇಕರು ಕೇಳುವ ಪ್ರಶ್ನೆಯೊಂದಿದೆ: ವಿಜ್ಞಾನಿಗಳು ಬ್ಯಾಕ್ಟೀರಿಯಾ ಎನ್ನುವುದೂ ಆಗಮಗಳು ನಿಗೋದ ಎನ್ನುವುದೂ ಒಂದೇ ಅಲ್ಲವೇ? ಹೌದೆನ್ನುವ ಆಸೆ ಸಹಜ. ಸಾಮ್ಯವೂ ಇಲ್ಲದಿಲ್ಲ. ಪೃಥ್ವಿ, ಜಲ, ಅಗ್ನಿ, ವಾಯುಕಾಯಿಕರ ಶರೀರಗಳು, ಕೇವಲಿಗಳ ಶರೀರ, ಆಹಾರಕ ಶರೀರ, ದೇವ ಹಾಗೂ ನಾರಕಿಗಳ ಶರೀರ, ಈ ಎಂಟನ್ನುಳಿದು ಮಿಕ್ಕ ಜೀವಿಗಳ ಶರೀರಗಳು ನಿಗೋದ ಜೀವಗಳಿಗೆ ಆಶ್ರಯವಾಗಿರುತ್ತವೆ ಎಂದು ಜೀವಕಾಂಡವು ತಿಳಿಸುತ್ತದೆ. ಕೀಟದ ದೇಹವೂ ನಮ್ಮ ದೇಹವೂ ಅನ್ಯಜೀವಗಳ ಮನೆ ಎಂಬ ಮಾತು ಸೂಕ್ಷ್ಮದರ್ಶಕವು ಹುಟ್ಟುವುದಕ್ಕೆ ಶತಮಾನಗಳ ಮೊದಲೇ ನಮ್ಮ ಗ್ರಂಥದಲ್ಲಿದೆ. ಇದಕ್ಕಾಗಿ ನಾವು ಹೆಮ್ಮೆಪಡಬಹುದು.

ಆದರೆ ಭೇದವನ್ನೂ ಮರೆಯಬಾರದು. ನಿಗೋದದಲ್ಲಿ ಅನಂತ ಜೀವಗಳಿಗೆ ಒಂದೇ ಶರೀರ. ಅವುಗಳ ಆಹಾರ, ಉಚ್ಛ್ವಾಸ, ಜನನ, ಮರಣಗಳೆಲ್ಲ ಸಾಧಾರಣ, ಅಂದರೆ ಹಂಚಿಕೊಂಡವು. ಬ್ಯಾಕ್ಟೀರಿಯಾ ಹಾಗಲ್ಲ, ಒಂದೊಂದಕ್ಕೂ ತನ್ನದೇ ಆದ ಪೊರೆಯಿದೆ, ಒಂದೊಂದೂ ಬೇರೆಯಾಗಿ ಸೀಳಿ ಎರಡಾಗುತ್ತದೆ, ಅದನ್ನು ಎಣಿಸಬಹುದು. ಅನಂತವನ್ನು ಎಣಿಸಲಾಗದು. ಸೂಕ್ಷ್ಮ ನಿಗೋದವಂತೂ ಯಾವ ಉಪಕರಣಕ್ಕೂ ನಿಲುಕುವಂಥದಲ್ಲ. ಆದ್ದರಿಂದ ಎರಡನ್ನೂ ಒಂದೇ ಎಂದು ಸಾರುವುದು ಆಗಮಕ್ಕೂ ನ್ಯಾಯವಲ್ಲ, ವಿಜ್ಞಾನಕ್ಕೂ ನ್ಯಾಯವಲ್ಲ. ಇನ್ನೊಂದು ಅಪಾಯವೂ ಇದೆ. ಧರ್ಮದ ಮಾತನ್ನು ಇಂದಿನ ಪ್ರಯೋಗಾಲಯದ ಸಾಕ್ಷ್ಯದ ಮೇಲೆ ನಿಲ್ಲಿಸಿದರೆ, ನಾಳೆ ಆ ಸಾಕ್ಷ್ಯವು ಬದಲಾದಾಗ ಧರ್ಮವೂ ಅಲುಗಿದಂತೆ ನಮ್ಮ ಮಕ್ಕಳಿಗೆ ತೋರೀತು. ಅನೇಕಾಂತವೆಂದರೆ ಎಲ್ಲವನ್ನೂ ಒಂದರಲ್ಲಿ ಬೆರೆಸುವುದಲ್ಲ. ಪ್ರತಿಯೊಂದು ನಯವನ್ನೂ ಅದರ ಎಲ್ಲೆಯೊಳಗೆ ಗೌರವಿಸುವುದು. ಪೂರ್ತಿ ತಿಳಿಯುವವರೆಗೆ ಹೆಸರನ್ನು ಕಾಯಿಸುವ ವಿಜ್ಞಾನಿಯ ಸಂಯಮವನ್ನು ನಾವೂ ಇಲ್ಲಿ ಪಾಲಿಸುವುದು ಲೇಸು.

ಎಣಿಕೆಯಿಂದ ಪಾಪ ಅಳೆಯಬಹುದೇ?

ಈಗ ಮುಖ್ಯ ಪ್ರಶ್ನೆಗೆ ಬರೋಣ. ಒಂದು ಹಿಟ್ಟು ತಿಗಣೆಯನ್ನು ಒರೆಸಿಹಾಕಿದಾಗ ಅಳಿಯುವುದು ಒಂದು ಜೀವವಲ್ಲ, ಅಸಂಖ್ಯ ಜೀವಗಳು ಎಂದು ತಿಳಿಯಿತು. ಹಾಗಿದ್ದರೆ ಯುವಕನೊಬ್ಬನು ಹೀಗೆ ವಾದಿಸಬಹುದು: ‘ಕೈ ತೊಳೆದರೂ ಸೂಕ್ಷ್ಮಜೀವಿಗಳು ಸಾಯುತ್ತವೆ, ಔಷಧಿ ನುಂಗಿದರೂ ಸಾಯುತ್ತವೆ, ಕೀಟವನ್ನು ಕೊಂದರೂ ಸಾಯುತ್ತವೆ. ಎಲ್ಲವೂ ಹಿಂಸೆಯೇ ಆದರೆ ಯಾವುದನ್ನು ಬಿಟ್ಟು ಏನು ಪ್ರಯೋಜನ?’ ಈ ವಾದವನ್ನು ಗದರಿಸಿ ಸುಮ್ಮನಾಗಿಸಬಾರದು, ಉತ್ತರಿಸಬೇಕು.

ಉತ್ತರದಲ್ಲಿ ಎರಡು ಅಂಗಗಳಿವೆ. ಮೊದಲನೆಯದು, ನಮ್ಮ ಶಾಸ್ತ್ರವು ಜೀವಗಳ ಸಂಖ್ಯೆಯೊಂದನ್ನೇ ತೂಗುವುದಿಲ್ಲ. ಏಕೇಂದ್ರಿಯಕ್ಕೆ ನಾಲ್ಕು ಪ್ರಾಣಗಳು, ದ್ವೀಂದ್ರಿಯಕ್ಕೆ ಆರು, ತ್ರೀಂದ್ರಿಯಕ್ಕೆ ಏಳು, ಚತುರಿಂದ್ರಿಯಕ್ಕೆ ಎಂಟು, ಹೀಗೆ ಮನಸ್ಸುಳ್ಳ ಪಂಚೇಂದ್ರಿಯಕ್ಕೆ ಹತ್ತು. ಇಂದ್ರಿಯ ಹೆಚ್ಚಿದಂತೆ ನೋವಿನ ವಿಸ್ತಾರವೂ, ಕೊಲ್ಲುವವನ ಮನಸ್ಸಿನ ಕ್ರೌರ್ಯವೂ ಹೆಚ್ಚುತ್ತವೆ. ಆದುದರಿಂದಲೇ ಗೃಹಸ್ಥನಿಗೆ ತ್ರಸಹಿಂಸೆಯ ಸಂಕಲ್ಪವನ್ನು ಪೂರ್ತಿ ತೊರೆಯಲು ಹೇಳಿ, ಸ್ಥಾವರಹಿಂಸೆಯನ್ನು ಮಿತಗೊಳಿಸಲು ಹೇಳಲಾಗಿದೆ. ಎರಡನೆಯದು, ಹಿಂಸೆಯ ಬೇರು ಪ್ರಮಾದದಲ್ಲಿದೆ. ಕಾಣದ ಜೀವಿಯು ಅನಿವಾರ್ಯವಾಗಿ ಅಳಿಯುವುದು ಬೇರೆ, ಲಕ್ಷ್ಯವಿಲ್ಲದೆ ಅಳಿಸುವುದು ಬೇರೆ. ‘ಎಲ್ಲವೂ ಹಿಂಸೆಯೇ’ ಎಂಬ ಮಾತು ಎಚ್ಚರವನ್ನು ಹೆಚ್ಚಿಸಿದರೆ ಧರ್ಮ. ಕೈಚೆಲ್ಲಲು ನೆಪವಾದರೆ ಅದುವೇ ಪ್ರಮಾದ.

ನಮ್ಮ ಹಿರಿಯರು ನೀರನ್ನು ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲಿ ಉಳಿದುದನ್ನು ಮೆಲ್ಲನೆ ಅದೇ ಬಾವಿಗೆ ಮರಳಿ ಬಿಡುತ್ತಿದ್ದರು. ಆ ಜೀವಿಗಳ ಹೆಸರನ್ನು ಅವರು ಬಲ್ಲವರಲ್ಲ. ಅವುಗಳ ಮನೆಯನ್ನು ಬಲ್ಲವರು. ಮನೆಯಿಂದ ಬಂದುದನ್ನು ಮನೆಗೆ ತಲುಪಿಸಿದರೆ ಸಾಕೆಂಬ ವಿವೇಕ ಅದು.

ತೋಟದ ಧರ್ಮಸಂಕಟ

ಆದರೆ ಬಾವಿಯಷ್ಟು ಸರಳವಲ್ಲ ತೋಟ. ಕೀಟವನ್ನು ಬಿಟ್ಟರೆ ಫಸಲು ಹೋಗುತ್ತದೆ, ಫಸಲು ಹೋದರೆ ಕುಟುಂಬ ಕಂಗೆಡುತ್ತದೆ. ಹಿಟ್ಟು ತಿಗಣೆಯ ಹತೋಟಿಗೆ ಬಳಸಲಾಗುವ ಕ್ರಿಪ್ಟೊಲೀಮಸ್ ಎಂಬ ಗುಲಗಂಜಿ ಹುಳುವನ್ನು 1898ರಲ್ಲಿಯೇ ನಮ್ಮ ದೇಶಕ್ಕೆ ತರಲಾಯಿತು. ಅದು ತಿಗಣೆಗಳನ್ನು ತಿನ್ನುತ್ತದೆ. ವಿಷ ಸಿಂಪಡಿಸುವುದಕ್ಕಿಂತ ಇದು ಮೇಲು ಎಂದು ಕೃಷಿತಜ್ಞರು ಹೇಳುತ್ತಾರೆ. ನಾವು ಆ ಮಾತನ್ನು ಒಪ್ಪಿದರೂ ಅದನ್ನು ಅಹಿಂಸೆ ಎನ್ನಲಾರೆವು. ಕೃತ, ಕಾರಿತ, ಅನುಮೋದಿತ ಎಂಬ ಮೂರನ್ನೂ ಲೆಕ್ಕಕ್ಕೆ ಹಿಡಿದ ಧರ್ಮ ನಮ್ಮದು. ಹುಳುವನ್ನು ಬಿಟ್ಟು ಕೊಲ್ಲಿಸಿದರೆ ಅದು ಕಾರಿತ. ಗೃಹಸ್ಥನು ಇಲ್ಲಿ ‘ಇದು ಉದ್ಯೋಗದ ಹಿಂಸೆ, ಇದನ್ನು ಆದಷ್ಟು ಕಡಿಮೆ ಮಾಡುತ್ತಿದ್ದೇನೆ’ ಎಂದು ನಿಜವನ್ನು ನುಡಿಯಬೇಕೇ ಹೊರತು ಅದಕ್ಕೆ ಚೆಂದದ ಹೆಸರಿಡಬಾರದು. ನೆರಳನ್ನು ಹದವಾಗಿ ಕಾಯ್ದುಕೊಂಡು, ಕೀಟ ಕಂಡ ಗಿಡಕ್ಕೆ ಮಾತ್ರ ಉಪಚಾರ ಮಾಡಿ, ಇಡೀ ತೋಟಕ್ಕೆ ವಿಷದ ಮಳೆಗರೆಯದಿರುವುದು ಅವನ ಕೈಲಾಗುವ ಅಣುವ್ರತ.

ವಿಷದ ಮಳೆ ಎಂಬುದು ಅಲಂಕಾರದ ಮಾತಲ್ಲ. ನಮ್ಮ ನೆರೆಯ ಕಾಸರಗೋಡಿನ ಗೇರು ತೋಟಗಳ ಮೇಲೆ ಒಂದು ಕೀಟದ ನೆಪದಲ್ಲಿ 2000ನೇ ಇಸವಿಯವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಲಾಯಿತು. ಹಳ್ಳಿಗಳ ಜನರು ಅನುಭವಿಸಿದ ಸಂಕಟವನ್ನು ಕನ್ನಡಿಗರೂ ಮಲಯಾಳಿಗಳೂ ಬಲ್ಲರು. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ದೇಶದಾದ್ಯಂತ ತಡೆಹಿಡಿಯಿತು. ಸಣ್ಣ ಜೀವವನ್ನು ಲೆಕ್ಕಿಸದವನಿಗೆ ದೊಡ್ಡ ಜೀವವೂ ಲೆಕ್ಕಕ್ಕೆ ಸಿಗುವುದಿಲ್ಲ ಎಂಬುದಕ್ಕೆ ಇದು ಸಾಕ್ಷಿ. ಗಿಡದ ರಸವನ್ನು ಹೀರುವ ಇನ್ನೊಂದು ಬಗೆಯ ಪುಟ್ಟ ಕೀಟದೊಳಗಿನ ಬ್ಯಾಕ್ಟೀರಿಯಾವೊಂದಕ್ಕೆ ವಿಜ್ಞಾನಿಗಳು ಕಾರ್ಸೊನೆಲ್ಲಾ ಎಂದು ಹೆಸರಿಟ್ಟಿದ್ದಾರೆ. ಕೀಟನಾಶಕಗಳ ಅಪಾಯವನ್ನು 1962ರಲ್ಲಿ ಜಗತ್ತಿಗೆ ಸಾರಿದ ರೇಚಲ್ ಕಾರ್ಸನ್ ಅವರ ಸ್ಮರಣೆ ಅದರಲ್ಲಿದೆ.

ಅರಿವು ಹೆಚ್ಚಿದರೆ ಹಿಂಸೆ ತಗ್ಗಬಲ್ಲದು ಎಂಬುದಕ್ಕೂ ನಿದರ್ಶನವಿದೆ. 1924ರಲ್ಲಿ ಸೊಳ್ಳೆಯೊಂದರ ದೇಹದಲ್ಲಿ ಕಂಡುಬಂದ ಬ್ಯಾಕ್ಟೀರಿಯಾಕ್ಕೆ 1936ರಲ್ಲಿ ವೊಲ್ಬಾಕಿಯಾ ಎಂದು ಹೆಸರಾಯಿತು. ಅದನ್ನು ಹೊತ್ತ ಸೊಳ್ಳೆಯಲ್ಲಿ ಡೆಂಗಿ ವೈರಸ್ ಬೆಳೆಯುವುದು ಕಷ್ಟ. ಇಂಡೋನೇಷ್ಯಾದ ಯೋಗ್ಯಕರ್ತದಲ್ಲಿ ಇಂತಹ ಸೊಳ್ಳೆಗಳನ್ನು ಬಿಟ್ಟಾಗ ಡೆಂಗಿ ಪ್ರಕರಣಗಳು ಶೇಕಡಾ 77ರಷ್ಟು ತಗ್ಗಿದುವೆಂದು 2021ರಲ್ಲಿ ವರದಿಯಾಯಿತು. ಇದೂ ಪೂರ್ಣ ಅಹಿಂಸೆಯಲ್ಲ. ಈ ಬ್ಯಾಕ್ಟೀರಿಯಾದ ಪ್ರಭಾವದಿಂದ ಕೆಲವು ಮೊಟ್ಟೆಗಳು ಒಡೆಯದೆ ನಾಶವಾಗುತ್ತವೆ. ಆದರೂ ಸೊಳ್ಳೆಯ ಕುಲವನ್ನೇ ಅಳಿಸದೆ ಮನುಷ್ಯನನ್ನು ಕಾಪಾಡುವ ದಾರಿಯೊಂದು ಸೂಕ್ಷ್ಮಜೀವಿಯ ಅಧ್ಯಯನದಿಂದ ತೆರೆಯಿತು.

ಹೆಸರು ಕಾಯಬಹುದು, ದಯೆ ಕಾಯಬಾರದು. ಹೆಸರಿಡುವುದಕ್ಕೆ ಪೂರ್ಣ ಜ್ಞಾನ ಬೇಕು. ಕೈಯನ್ನು ಹಿಂದೆಗೆಯುವುದಕ್ಕೆ ‘ಇಲ್ಲಿ ಜೀವವಿರಬಹುದು’ ಎಂಬಷ್ಟು ಅರಿವು ಸಾಕು. ಪ್ರತಿಕ್ರಮಣದಲ್ಲಿ ಏಕೇಂದ್ರಿಯದಿಂದ ಪಂಚೇಂದ್ರಿಯದವರೆಗಿನ ಜೀವಗಳಲ್ಲಿ ಕ್ಷಮೆ ಬೇಡುವಾಗ, ಯಾವ ಪಟ್ಟಿಯಲ್ಲಿಯೂ ಇನ್ನೂ ಸೇರದೆ ಉಳಿದಿರುವ ಜೀವಗಳನ್ನೂ ನಾವು ನೆನೆಯೋಣ. ಮಕ್ಕಳು ಶಾಲೆಯಲ್ಲಿ ಕಲಿತ ಹೆಸರುಗಳನ್ನು ಮನೆಯಲ್ಲಿ ಹೇಳಿದಾಗ, ಅವು ಯಾವ ಭಾಷೆಯಲ್ಲಿದ್ದರೂ, ಆದರದಿಂದ ಕೇಳೋಣ. ಕನ್ನಡವಾಗಲಿ ಮಲಯಾಳವಾಗಲಿ, ಜೀವವನ್ನು ಗುರುತಿಸಲು ನೆರವಾಗುವ ಮಾತೆಲ್ಲವೂ ಧರ್ಮದ ಮಾತೇ.

ಸಕಲ ಜೀವರಾಶಿಗೂ ಕ್ಷೇಮವುಂಟಾಗಲಿ. ಜೈ ಜಿನೇಂದ್ರ.