ಕೃಪೆಯು ಕ್ರಯಕ್ಕೆ ದೊರೆಯದು



ಅರಸುಗಳ ಎರಡನೆಯ ಗ್ರಂಥದ 5ನೆಯ ಅಧ್ಯಾಯದಲ್ಲಿ ನಾಮಾನನ ಚರಿತ್ರೆಯು ಬರೆದಿದೆ. ಕುಟುಂಬ ಪ್ರಾರ್ಥನೆಯ ವೇಳೆಯಲ್ಲಿ ಅದನ್ನು ಪೂರ್ಣವಾಗಿ ಓದಿ, ಬಳಿಕ ಈ ಮಾತುಗಳನ್ನು ಆಲೋಚಿಸಬೇಕೆಂದು ಬೇಡುತ್ತೇವೆ. ಯಾಕಂದರೆ ಮನುಷ್ಯನು ತನ್ನ ಕ್ರಿಯೆಗಳಿಂದಲ್ಲ, ದೇವರ ಕೃಪೆಯಿಂದಲೇ, ಕ್ರಿಸ್ತನಲ್ಲಿಡುವ ವಿಶ್ವಾಸದ ಮೂಲಕ ರಕ್ಷಣೆ ಹೊಂದುತ್ತಾನೆಂಬ ನಮ್ಮ ಸಭೆಯ ಮೂಲಬೋಧನೆಯು ಆ ಚರಿತ್ರೆಯಲ್ಲಿ ಕನ್ನಡಿಯೊಳಗಿನ ಮುಖದಂತೆ ಸ್ಪಷ್ಟವಾಗಿ ಕಾಣುತ್ತದೆ.

ನಾಮಾನನು ಅರಾಮ್ಯರ ಅರಸನ ಸೇನಾಪತಿಯು. ಮಾನವಂತನು, ಪರಾಕ್ರಮಿಯು, ಆದರೆ ಕುಷ್ಠರೋಗಿಯು. ಆ ಕಾಲದಲ್ಲಿ ಆ ರೋಗಕ್ಕೆ ಮದ್ದಿರಲಿಲ್ಲ. ಅವನ ಮನೆಯಲ್ಲಿ ಸೆರೆಯಾಗಿ ಬಂದು ದಾಸಿಯಾಗಿದ್ದ ಇಸ್ರಾಯೇಲ್ ದೇಶದ ಒಬ್ಬ ಚಿಕ್ಕ ಹುಡುಗಿಯ ಮಾತಿನಿಂದ ಅವನು ದೇವರ ಪ್ರವಾದಿಯಿರುವ ದೇಶಕ್ಕೆ ಹೊರಟನು. ಹೊರಡುವಾಗ ಏನು ತಕ್ಕೊಂಡು ಹೋದನು? 10 ತಲಾಂತು ಬೆಳ್ಳಿ, 6000 ಬಂಗಾರದ ನಾಣ್ಯ, 10 ದುಸ್ತು ಬಟ್ಟೆ. ಗುಣವನ್ನು ಕೊಂಡುಕೊಳ್ಳುವದಕ್ಕೆ ಬೆಲೆ ಸಿದ್ಧಮಾಡಿಕೊಂಡೇ ಹೋದನು. ಆದರೆ ಎಲೀಷನು ಮನೆಯ ಹೊರಗೆ ಸಹ ಬಾರದೆ, ಯೊರ್ದನ್ ಹೊಳೆಯಲ್ಲಿ ಏಳು ಸಾರಿ ಮುಳುಗಬೇಕೆಂದು ಸೇವಕನ ಬಾಯಿಂದ ಹೇಳಿಸಿದನು. ನಾಮಾನನಿಗೆ ಸಿಟ್ಟು ಬಂತು. ದಮಸ್ಕದಲ್ಲಿ ಇದಕ್ಕಿಂತ ಒಳ್ಳೇ ನದಿಗಳಿಲ್ಲವೇ ಎಂದು ಹಿಂದಿರುಗಿದನು. ಆಗ ಅವನ ಆಳುಗಳು, ಪ್ರವಾದಿಯು ಕಷ್ಟವಾದ ಕೆಲಸವೊಂದನ್ನು ಹೇಳಿದ್ದರೆ ಮಾಡುತ್ತಿದ್ದಿಯಲ್ಲಾ, ಇಷ್ಟು ಸುಲಭವಾದದ್ದನ್ನು ಯಾಕೆ ಮಾಡಬಾರದು ಎಂದು ವಿನಯದಿಂದ ಬುದ್ಧಿ ಹೇಳಿದರು. ಅವನು ಇಳಿದು ಮುಳುಗಿ ಶುದ್ಧನಾದನು. ತಿರಿಗಿ ಬಂದು ಕಾಣಿಕೆಯನ್ನು ಮುಂದಿಟ್ಟಾಗ ಎಲೀಷನು ಎಷ್ಟು ಒತ್ತಾಯಪಡಿಸಿದರೂ ಒಂದು ಕಾಸನ್ನಾದರೂ ಮುಟ್ಟಲಿಲ್ಲ.

ಪ್ರಿಯರೇ, ನಾಮಾನನ ಆ ಗಂಟುಮೂಟೆಯು ನಮ್ಮ ಮನೆಗಳಲ್ಲಿಯೂ ಇದೆ. ನಮ್ಮ ಹಿರಿಯರು ದೇವರುಗಳಿಗೆ ಹರಕೆ ಹೊರುತ್ತಿದ್ದರು, ಮುಡಿಪು ಕಟ್ಟುತ್ತಿದ್ದರು. ನೀನು ಇದನ್ನು ಕೊಟ್ಟರೆ ನಾನು ಅದನ್ನು ಕೊಡುವೆನೆಂಬದು ಅದರ ಅರ್ಥ. ನಾವು ದೀಕ್ಷಾಸ್ನಾನ ಹೊಂದಿ ತಾಯಿತವನ್ನು ಹರಿದೊಗೆದೆವು. ಆದರೆ ಈ ವ್ಯಾಪಾರದ ಬುದ್ಧಿಯು ಅನೇಕರ ಹೃದಯದಲ್ಲಿ ಹಾಗೆಯೇ ಉಳಿದದೆ. ದೇವರ ಹೆಸರು ಮಾತ್ರ ಬದಲಾಯಿತು, ಸಂತೆಯು ಬದಲಾಗಲಿಲ್ಲ.

ಇದರಿಂದಾಗುವ ಕೇಡು ಸಣ್ಣದಲ್ಲ. ಮಗುವಿಗೆ ಜ್ವರ ಬಂದಾಗ ಒಬ್ಬ ತಾಯಿಯು, ಇದು ಗುಣವಾದರೆ ಸುಗ್ಗಿಹಬ್ಬದಲ್ಲಿ ಒಂದು ಹುಂಜವನ್ನೂ ಐದು ಸೇರು ಅಕ್ಕಿಯನ್ನೂ ಕೊಡುವೆನೆಂದು ಕರ್ತನಿಗೆ ಹರಕೆ ಹೊರುತ್ತಾಳೆಂದು ಎಣಿಸಿರಿ. ಮಗುವು ಬದುಕಿದರೆ, ಅಕ್ಕಿಯನ್ನು ಅಳೆದು ಕೊಟ್ಟ ಮೇಲೆ ದೇವರ ಸಂಗಡ ತನ್ನ ಲೆಕ್ಕವು ತೀರಿತೆಂದು ಅವಳು ನೆನಸುವಳು. ಮಗುವು ತೀರಿಹೋದರೆ, ನನ್ನ ಹರಕೆಯು ಸಾಲದೆ ಹೋಯಿತು, ಎರಡು ಹುಂಜ ಹೇಳಿಕೊಂಡಿದ್ದರೆ ನನ್ನ ಮಗುವು ಉಳಿಯುತ್ತಿತ್ತು ಎಂದು ಸಾಯುವ ತನಕ ಎದೆ ಬಡಕೊಳ್ಳುವಳು. ಅಯ್ಯೋ, ಇಂಥ ಭಾರವನ್ನು ಹೊತ್ತು ದೇವಾಲಯದಲ್ಲಿ ಸುಮ್ಮನೆ ಕೂತಿರುವ ತಾಯಂದಿರು ಎಷ್ಟು ಮಂದಿಯೋ!

ಅಮ್ಮಾ, ನಿನಗೆ ನಾವು ಕರ್ತನ ಹೆಸರಿನಲ್ಲಿ ಹೇಳುವದೇನಂದರೆ, ನಿನ್ನ ಮಗುವಿನ ಪ್ರಾಣಕ್ಕೆ ದೇವರು ಬೆಲೆ ಕೇಳಲಿಲ್ಲ. ನೀನು ಕಡಿಮೆ ಕೊಟ್ಟಿಯೆಂದು ಅದನ್ನು ಕಸಕೊಳ್ಳಲಿಲ್ಲ. ಗೆತ್ಸೆಮನೆ ತೋಟದಲ್ಲಿ ದೇವಕುಮಾರನೇ ಪ್ರಾರ್ಥಿಸಿದಾಗ ಆ ಪಾತ್ರೆಯು ಅವನಿಂದ ತೊಲಗಲಿಲ್ಲ. ಪೌಲನು ಮೂರು ಸಾರಿ ಬೇಡಿಕೊಂಡರೂ ಅವನ ಶರೀರದ ಮುಳ್ಳು ತೆಗೆಯಲ್ಪಡಲಿಲ್ಲ. ಅವರನ್ನು ತಂದೆಯು ಪ್ರೀತಿಸಲಿಲ್ಲವೇ? ಪ್ರೀತಿಸಿದನು. ನಿನ್ನನ್ನೂ ಪ್ರೀತಿಸುತ್ತಾನೆ. ನಿನ್ನ ಕಣ್ಣೀರಿಗೆ ಕಾರಣವನ್ನು ಹೇಳಲು ನಮಗೆ ಶಕ್ತಿಯಿಲ್ಲ. ಆದರೆ ಹರಕೆಯ ಕೊರತೆಯು ಅದಕ್ಕೆ ಕಾರಣವಲ್ಲವೆಂದು ನಿಶ್ಚಯವಾಗಿ ಬಲ್ಲೆವು.

ಹನ್ನಳು ಹರಕೆ ಹೊತ್ತಳಲ್ಲವೇ ಎಂದು ಕೆಲವರು ಕೇಳಬಹುದು. ಹೊತ್ತಳು ನಿಜ. ಆದರೆ ಅವಳು ದೇವರ ದಾನಕ್ಕೆ ಬೆಲೆ ಕಟ್ಟಲಿಲ್ಲ. ದೇವರು ಕೊಡುವ ಮಗನನ್ನೇ ದೇವರ ಸೇವೆಗೆ ಒಪ್ಪಿಸುವೆನೆಂದಳು. ಪಡೆದದ್ದನ್ನು ಕೊಟ್ಟವನ ಕೈಯಲ್ಲಿಯೇ ಇಡುವದು ವ್ಯಾಪಾರವಲ್ಲ, ಭಕ್ತಿ.

ಕೃಪೆಗೆ ಕ್ರಯ ಕಟ್ಟುವ ತಪ್ಪು ನಮ್ಮ ದೇಶದಲ್ಲಿ ಮಾತ್ರ ಉಂಟಾದದ್ದಲ್ಲ. ಎಲೀಷನ ಸೇವಕನಾದ ಗೇಹಜಿಯು ನಾಮಾನನ ಹಿಂದೆ ಓಡಿ, ಸುಳ್ಳು ಹೇಳಿ, ಎರಡು ತಲಾಂತು ಬೆಳ್ಳಿಯನ್ನು ತಕ್ಕೊಂಡು ದಂಡನೆಗೆ ಗುರಿಯಾದನು. ಸಮಾರ್ಯದ ಸೀಮೋನನು ಪವಿತ್ರಾತ್ಮನ ವರವನ್ನು ಹಣಕ್ಕೆ ಕೇಳಿ ಪೇತ್ರನಿಂದ ಗದರಿಸಲ್ಪಟ್ಟನು. ಜರ್ಮನಿ ದೇಶದಲ್ಲಿ ಪಾಪದ ದಂಡನೆಯನ್ನು ಬಿಡಿಸುವ ಪತ್ರಗಳು ಹಣಕ್ಕೆ ಮಾರಲ್ಪಡುತ್ತಿದ್ದಾಗ ಮಾರ್ಟಿನ್ ಲೂಥರನು ಅದನ್ನು ಎದುರಿಸಿ, 1517ನೇ ಇಸವಿ ಅಕ್ಟೋಬರ್ 31ರಂದು ವಿಟ್ಟೆನ್‌ಬರ್ಗ್ ಪಟ್ಟಣದಲ್ಲಿ 95 ವಾದಸೂತ್ರಗಳನ್ನು ಹೊರಪಡಿಸಿದನು. ನಮ್ಮ ಸುವಾರ್ತಾ ಸಭೆಗಳ ಹುಟ್ಟಿಗೆ ಅದೇ ಪ್ರಾರಂಭವು. ಹೀಗಿರಲಾಗಿ ಲೂಥರನು ಮುಂಬಾಗಿಲಿಂದ ಹೊರಡಿಸಿದ ವ್ಯಾಪಾರವನ್ನು ನಾವು ಹಿತ್ತಲ ಬಾಗಿಲಿಂದ ಒಳಗೆ ಕರೆಯಬಹುದೇ?

ಹಾಗಾದರೆ ರಕ್ಷಣೆಗೆ ಬೆಲೆಯೇ ಇಲ್ಲವೋ? ಉಂಟು, ಬಹು ದೊಡ್ಡ ಬೆಲೆಯುಂಟು. ಆದರೆ ಅದನ್ನು ತೆತ್ತವರು ನಾವಲ್ಲ. ಸಾಹುಕಾರನಿಗೆ ಸಾಲಪತ್ರ ಬರೆದುಕೊಟ್ಟ ಒಬ್ಬ ಒಕ್ಕಲಿಗನ ಸಾಲವನ್ನು ಇನ್ನೊಬ್ಬನು ಪೂರ್ಣವಾಗಿ ತೀರಿಸಿ, ಪತ್ರವನ್ನು ಹರಿಸಿಬಿಟ್ಟನು. ಆದರೆ ಒಕ್ಕಲಿಗನು ಆ ಸುದ್ದಿಯನ್ನು ನಂಬದೆ, ವರ್ಷವರ್ಷವೂ ಮಕ್ಕಳ ಬಾಯಿಯ ಅನ್ನವನ್ನು ಕಿತ್ತು ಬಡ್ಡಿ ಕಟ್ಟುವದಕ್ಕೆ ಹೋದರೆ ನಾವು ಏನನ್ನುವೆವು? ನಮ್ಮ ಪಾಪದ ಪತ್ರವು ಕ್ರಿಸ್ತನ ಶಿಲುಬೆಯಲ್ಲಿ ರದ್ದಾಯಿತೆಂದು ಅಪೊಸ್ತಲನು ಕೊಲೊಸ್ಸೆಯವರಿಗೆ ಬರೆದಿದ್ದಾನೆ. ಬೆಳ್ಳಿಬಂಗಾರದಿಂದಲ್ಲ, ಆತನ ಅಮೂಲ್ಯ ರಕ್ತದಿಂದ ನಮಗೆ ಬಿಡುಗಡೆಯಾಯಿತೆಂದು ಪೇತ್ರನು ಸಾರುತ್ತಾನೆ. ನಂಬುವದೆಂದರೆ ಈ ಸುದ್ದಿಗೆ ಹೌದೆಂದು ಹೇಳಿ, ನಾಮಾನನಂತೆ ಬರಿಗೈಯಲ್ಲಿ ನೀರಿಗಿಳಿಯುವದೇ.

ಎಲ್ಲವೂ ಉಚಿತವಾದರೆ ಕಾಣಿಕೆ ಯಾಕೆ, ಸತ್ಕ್ರಿಯೆ ಯಾಕೆ ಎಂಬ ಪ್ರಶ್ನೆಗೂ ನಾಮಾನನೇ ಉತ್ತರ ಕೊಡುತ್ತಾನೆ. ಶುದ್ಧನಾದ ಮೇಲೆ ಅವನು ಎರಡು ಹೇಸರಗತ್ತೆಗಳು ಹೊರುವಷ್ಟು ಆ ದೇಶದ ಮಣ್ಣನ್ನು ಬೇಡಿಕೊಂಡು, ಇನ್ನು ಕರ್ತನೊಬ್ಬನನ್ನೇ ಆರಾಧಿಸುವೆನೆಂದನು. ಗುಣ ಹೊಂದುವದಕ್ಕಾಗಿ ಆರಾಧಿಸಿದ್ದಲ್ಲ, ಗುಣ ಹೊಂದಿದ್ದರಿಂದ ಆರಾಧಿಸಿದನು. ಮರಕ್ಕೆ ಹಣ್ಣು ಕಟ್ಟಿದರೆ ಬೇರು ಬರುವದಿಲ್ಲ. ಬೇರಿದ್ದರೆ ಹಣ್ಣು ತಾನೇ ಬರುವದು. ಹೀಗೆಯೇ ಸುಗ್ಗಿಹಬ್ಬದ ಕಾಣಿಕೆಯು ಕೃತಜ್ಞತೆಯ ಫಲವಾಗಿರಲಿ. ವ್ಯಾಜ್ಯವನ್ನು ಬಿಡುವದೂ, ಕುಡಿತವನ್ನು ತೊರೆಯುವದೂ, ಬಡ ನೆರೆಯವನ ಗದ್ದೆಯ ಕೊಯ್ಲಿಗೆ ಕೈಕೊಡುವದೂ ಅದೇ ಬೇರಿನ ಫಲಗಳು.

ಆದಕಾರಣ ಪ್ರಿಯರೇ, ಇನ್ನು ಮೇಲೆ ನಿಮ್ಮ ಮನೆಯಲ್ಲಿ ರೋಗ ಬಂದಾಗ ವೈದ್ಯರ ಬಳಿಗೆ ಹೋಗಿರಿ, ಸಭೆಯ ಹಿರಿಯರನ್ನು ಪ್ರಾರ್ಥನೆಗೆ ಕರೆಯಿರಿ, ಮಕ್ಕಳು ತಂದೆಯನ್ನು ಬೇಡುವಂತೆ ಧೈರ್ಯದಿಂದ ಬೇಡಿರಿ. ಹರಕೆಯ ಲೆಕ್ಕವನ್ನು ಮಾತ್ರ ಆತನ ಮುಂದೆ ಇಡಬೇಡಿರಿ. ಹರಕೆ ತೀರಿಸದೆ ಉಳಿದೆವೆಂದು ಭಯಪಡುವವರು ಸಭಾಪಾಲಕರಿಗೆ ಅದನ್ನು ತಿಳಿಸಿ, ಅವರ ಸಂಗಡ ಮೊಣಕಾಲೂರಿ ಆ ಭಯವನ್ನು ಕರ್ತನ ಪಾದದಲ್ಲಿ ಇಳಿಸಿಬಿಡಲಿ. ನಮ್ಮ ದೇವರು ವ್ಯಾಪಾರಿಯಲ್ಲ, ತಂದೆಯು. ಆತನ ಬಾಗಿಲಲ್ಲಿ ತಕ್ಕಡಿಯಿಲ್ಲ. ಬರಿಗೈಯವರಾಗಿ ಬನ್ನಿರಿ, ತುಂಬಿದ ಹೃದಯದವರಾಗಿ ಹಿಂದಿರುಗುವಿರಿ. ಆತನ ಕೃಪೆಯು ನಮ್ಮೆಲ್ಲರ ಸಂಗಡ ಇರಲಿ. ಆಮೆನ್.